ಗೆದ್ದದ್ದು ಗಾಡಿಯೋ, ಕಾಲೋ

ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ನಿವೃತ್ತ ಲೈಸೆನ್ಸ್ ಇನ್‌ಸ್ಪೆಕ್ಟರ್ ಸಾಹೇಬರೇ, ಈ ವರ್ಷದ ಕಪ್ ಕೊಡುಗೆಯಾಗಿ ಕೊಟ್ಟಿರುವ ಮುಖ್ಯ ಅತಿಥಿಗಳೂ ಟೈರ್ ಅಂಗಡಿಯ ಮಾಲೀಕರೂ ಆದ ಹಿರಿಯರೇ, ಇಂದಿನ ಸನ್ಮಾನಿತರೂ ನನ್ನ ಸ್ವಂತ ತಂಗಿಯ ಗಂಡನೂ ಆದ ಔಷಧಿ ಅಂಗಡಿಯ ಭಾವನವರೇ, ಮೂರನೇ ಸಾಲಿನಲ್ಲಿ ಕೂತು ನಾನು ಬಾಯಿ ತೆರೆಯುವ ಮೊದಲೇ ದುರುಗುಟ್ಟಿ ನೋಡುತ್ತಿರುವ ತಂಗಿಯೇ, ಮತ್ತು ಭಾಷಣ ಮುಗಿದ ಮೇಲಿನ ಚಹಾ ಬಿಸ್ಕತ್ತಿಗಾಗಿ ತಾಳ್ಮೆಯಿಂದ ಕಾದಿರುವ ಸಭಿಕರೇ.

ಮೊದಲಿಗೆ ಈ ಮೈಕಿನ ಪರವಾಗಿ ಕ್ಷಮೆ ಕೇಳುತ್ತೇನೆ. ಶಾಲೆಯವರು ಹಾಲ್ ಕೊಟ್ಟಿದ್ದಾರೆ, ಮೈಕಿಗೆ ಜವಾಬ್ದಾರಿ ಕೊಟ್ಟಿಲ್ಲ. ಹಿಂದೆ ಬ್ಯಾಸ್ಕೆಟ್‌ಬಾಲ್ ಕಂಬದ ಕೆಳಗೆ ಕೂತವರು ಕೇಳಿಸದಿದ್ದರೆ ಕೈ ಎತ್ತಿ. ನಮ್ಮ ಅಧ್ಯಕ್ಷರು ಕೆಲಸದಲ್ಲಿದ್ದಾಗ ನನ್ನ ಡ್ರೈವಿಂಗ್ ಸ್ಕೂಲಿನ ಎಷ್ಟೋ ಮಂದಿಯನ್ನು ಜೋರಾಗಿ ಓಡಿಸಿದರು ಎಂದು ನಪಾಸು ಮಾಡಿದವರು. ಇಂದು ಜೋರಾಗಿ ಓಡಿಸಿದವರನ್ನು ಹರಸಲು ಬಂದಿದ್ದಾರೆ. ಕಾಲ ಹೀಗೂ ಬದಲಾಗುತ್ತದೆ.

ಹಿಂದಿನ ಚಾಂಪಿಯನ್ ಹೊಸ ಚಾಂಪಿಯನ್ನನನ್ನು ನಾಲ್ಕು ಒಳ್ಳೆಯ ಮಾತಿನಿಂದ ಅಭಿನಂದಿಸಿ ಕಪ್ ಒಪ್ಪಿಸಬೇಕು ಎಂಬುದು ನಮ್ಮ ಸಂಘದ ಪದ್ಧತಿ. ಈ ಪದ್ಧತಿಯನ್ನು ಸೂಚಿಸಿದವನು ನಾನೇ. ಆಗ ಚಾಂಪಿಯನ್ ನಾನಾಗಿದ್ದೆ. ಕಪ್ ಒಪ್ಪಿಸುವ ಸರದಿ ನನಗೂ ಬರಬಹುದೆಂದು ಆಗ ಹೊಳೆಯಲೇ ಇಲ್ಲ. ಇರಲಿ. ಬಂದಿದೆ, ನಿಂತಿದ್ದೇನೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಸೀಸನ್‌ಗೆ ಯಾರ ಗಾಡಿಯನ್ನು ಯಾರು ಸಿದ್ಧಪಡಿಸುತ್ತಾರೆ ಎಂಬುದನ್ನು ಈ ಕಾರ್ಯಕ್ರಮ ಮುಗಿಯುವುದರೊಳಗೆ ಕಾರ್ಯದರ್ಶಿಗಳಿಗೆ ತಿಳಿಸಬೇಕು. ನನ್ನ ಗಾಡಿಗೆ ಯಾರೂ ಇಲ್ಲ. ಒಬ್ಬರು ಬೇಕು. ಯಾರು ಬೇಕು ಎಂಬುದು ಈ ಹಾಲಿನಲ್ಲಿ ಎಲ್ಲರಿಗೂ ಗೊತ್ತು. ಮೂರನೇ ಸಾಲಿನಲ್ಲಿರುವ ಅವಳಿಗೂ ಗೊತ್ತು.

ನಮ್ಮ ಓಟ ನೋಡಿಲ್ಲದ ಮನೆಯವರೂ ಇಲ್ಲಿದ್ದಾರೆ. ನಮ್ಮದು ಹೊರದೇಶದಿಂದ ತರಿಸಿದ ಹಳೆಯ ಸಣ್ಣ ಕಾರುಗಳ ಡ್ರ್ಯಾಗ್ ರೇಸ್. ತಿರುವಿಲ್ಲ, ಸುತ್ತಿಲ್ಲ. ಎರಡು ಗಾಡಿ ಅಕ್ಕಪಕ್ಕ ನಿಲ್ಲುತ್ತವೆ, ಹಸಿರು ದೀಪ ಹತ್ತುತ್ತದೆ, ಕಾಲು ಮೈಲಿಯಾಚೆ ಯಾರು ಮೊದಲು ಗೆರೆ ದಾಟುತ್ತಾರೋ ಅವರು ಗೆದ್ದರು. ನಮ್ಮ ತಾಯಿ ಒಮ್ಮೆ ನೋಡಲು ಬಂದವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಓಟ ಮುಗಿದಿತ್ತು. "ಇಷ್ಟಕ್ಕೇನ್ರೋ ವರ್ಷಪೂರ್ತಿ ಮನೆಯ ಟವೆಲ್‌ಗಳಿಗೆಲ್ಲ ಗ್ರೀಸ್ ಮೆತ್ತಿದ್ದು?" ಎಂದು ಕೇಳಿದರು. 

ಈ ಓಟದಲ್ಲಿ ಇರುವುದೆಲ್ಲ ಹೊರಡುವ ಗಳಿಗೆಯಲ್ಲಿ. ಕ್ಲಚ್ ಬಿಡುವಾಗ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಕೊಟ್ಟರೆ ಟೈರು ನಿಂತಲ್ಲೇ ಸುತ್ತಿ ಹೊಗೆ ಎಬ್ಬಿಸುತ್ತದೆ. ಕಡಿಮೆ ಕೊಟ್ಟರೆ ಗಾಡಿ ಮುಖ ಊದಿಸಿಕೊಂಡು ಹೊರಡುತ್ತದೆ. ಆ ನಡುವಿನ ಹದ ಸಿಕ್ಕಿದವನು ಗೆದ್ದ. ಹಾಗಾದರೆ ಗೆದ್ದದ್ದು ಯಾರು? ಗಾಡಿಯನ್ನು ಹೊಂದಿಸಿದ ಕೈಯೇ? ಪೆಡಲ್ ಒತ್ತಿದ ಕಾಲೇ? ಇದು ಗಂಭೀರವಾದ ಪ್ರಶ್ನೆ. ಇಂದು ಇದರ ಬಗ್ಗೆ ನಿಷ್ಪಕ್ಷಪಾತವಾಗಿ ಮಾತಾಡಬೇಕೆಂದು ಬಂದಿದ್ದೇನೆ.

ನನ್ನ ನಿಷ್ಪಕ್ಷಪಾತ ಅಭಿಪ್ರಾಯ ಏನೆಂದರೆ, ಗೆಲ್ಲುವುದು ಗಾಡಿ. ಭಾವನವರು ಒಳ್ಳೆಯ ಮನುಷ್ಯರು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ರೇಸಿಗೆ ಬರುತ್ತಾರೆ, ಅದೇ ಅಂಗಿ ಮಡಿಕೆ ಕೆಡದೆ ಮನೆಗೆ ಹೋಗುತ್ತದೆ. ಯಾರ ಮೇಲೂ ದನಿ ಏರಿಸಿದವರಲ್ಲ. ಕೆಮ್ಮಿನ ಔಷಧಿ ಅಳೆದು ಕೊಟ್ಟ ಹಾಗೆ ಆಕ್ಸಿಲರೇಟರ್ ಒತ್ತುತ್ತಾರೆ. ಇಂಥವರು ಚಾಂಪಿಯನ್ ಆಗಬೇಕಾದರೆ ಗಾಡಿ ಎಂಥದ್ದಿರಬೇಕು, ನೀವೇ ಹೇಳಿ! ಆ ಗಾಡಿಯನ್ನು ಹೊಂದಿಸಿದವಳು ನನ್ನ ತಂಗಿ. ವಾರವೆಲ್ಲ ಲಿಫ್ಟ್ ರಿಪೇರಿ ಮಾಡುವವಳು, ಭಾನುವಾರ ಗಾಡಿಯ ಕೆಳಗೆ ಮಲಗುವವಳು. ಅವಳ ಕೈ ಬಿದ್ದರೆ ತಳ್ಳುಗಾಡಿಯೂ ಗೆಲ್ಲುತ್ತದೆ.

ನನ್ನ ಗಾಡಿಯನ್ನೂ ನಾಲ್ಕು ವರ್ಷ ಅವಳೇ ಹೊಂದಿಸಿದ್ದು. ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ, ಹಳೆಯ ರಟ್ಟಿನ ಪೆಟ್ಟಿಗೆ ಬಿಡಿಸಿ ಹಾಸಿಕೊಂಡು. ನನ್ನನ್ನು ಸೀಟಿನಲ್ಲಿ ಕೂರಿಸಿ ನನ್ನ ತೂಕಕ್ಕೆ ತಕ್ಕ ಹಾಗೆ ಸ್ಪ್ರಿಂಗ್ ಸರಿ ಮಾಡುತ್ತಿದ್ದಳು. "ಅಣ್ಣ, ಉಸಿರು ಬಿಗಿ ಹಿಡೀಬೇಡ. ಎಷ್ಟಿದೀಯೋ ಅಷ್ಟೇ ಇರು" ಎಂದು ಕೆಳಗಿನಿಂದ ಕೂಗುತ್ತಿದ್ದಳು. ಟೈರಿನ ಗಾಳಿಯನ್ನು ಬೆಳಿಗ್ಗೆ ಒಮ್ಮೆ, ರಸ್ತೆ ಕಾದ ಮೇಲೆ ಒಮ್ಮೆ ನೋಡುತ್ತಿದ್ದಳು. ನಾಲ್ಕು ವರ್ಷವೂ ಕಪ್ ನನ್ನದೇ. "ಬಂಗಾರದ ಕಾಲು" ಎಂದು ನನಗೆ ಹೆಸರಿಟ್ಟವರು ನೀವೇ. ನಾನೇನೂ ಕೇಳಿರಲಿಲ್ಲ. ನನ್ನ ಡ್ರೈವಿಂಗ್ ಸ್ಕೂಲಿನ ಬೋರ್ಡಿನ ಮೇಲೆ ಬರೆಸಿದ್ದು ನಿಜ.

ಯಾಕೆ ನಗುತ್ತಿದ್ದೀರಿ? ಓಹೋ. ಗೆಲ್ಲುವುದು ಗಾಡಿಯಾದರೆ ನನ್ನ ನಾಲ್ಕು ಕಪ್ ಯಾರವು ಎನ್ನುತ್ತೀರಿ. ಸರಿಯಾಗಿ ಹಿಡಿದಿರಿ. ಹಾಗಾದರೆ ಮಾತು ಸ್ವಲ್ಪ ತಿದ್ದುತ್ತೇನೆ. ಗೆಲ್ಲುವುದು ಚಾಲಕ. ಕಾಲಿನ ಕಸುಬೇ ಕಸುಬು. ಆದರೆ ಹಾಗೆಂದರೆ ಈ ವರ್ಷ ಭಾವನವರ ಕಾಲು ನನ್ನ ಕಾಲಿಗಿಂತ... ಬೇಡ. ಅದೂ ಬೇಡ. ಯಾವ ಕಡೆ ತಿರುಗಿದರೂ ನನಗೇ ಗುದ್ದುತ್ತಿದೆ. ಒಂದು ಗುಟುಕು ನೀರು ಕುಡಿಯುತ್ತೇನೆ.

ತಂಗಿ ಮದುವೆಯಾಗಿ ದೂರವೇನೂ ಹೋಗಲಿಲ್ಲ. ಎರಡು ಬೀದಿ ಆಚೆ. ಆದರೆ ಸಭಿಕರೇ, ಅವಳ ಸ್ಪ್ಯಾನರ್ ಪೆಟ್ಟಿಗೆಯೂ ಅವಳ ಜೊತೆ ಹೋಯಿತು. ಭಾನುವಾರ ಬೆಳಿಗ್ಗೆ ನಾನು ಬ್ರೆಡ್ಡು ತರಲು ಆ ಬೀದಿಯಲ್ಲೇ ಹೋಗುತ್ತಿದ್ದೆ. ನಮ್ಮ ಬೀದಿಯಲ್ಲೂ ಬ್ರೆಡ್ಡು ಸಿಗುತ್ತದೆ, ಆ ಮಾತು ಬಿಡಿ. ಅವರ ಶೆಡ್ಡಿನ ಬಾಗಿಲು ಅರ್ಧ ತೆರೆದಿರುತ್ತಿತ್ತು. ಒಳಗೆ ಗಾಡಿಯ ಕೆಳಗೆ ಇವಳು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಅವರು. ಇವಳು ಏನು ಹೇಳಿದರೂ ಅವರು "ಹೂಂ, ಹೇಳು" ಎನ್ನುವುದು, ಇವಳು ನಗುವುದು. ನಮ್ಮ ಶೆಡ್ಡಿನಲ್ಲಿ ನಾಲ್ಕು ವರ್ಷ ಇವಳು ಸ್ಪ್ಯಾನರ್ ಕೇಳಿದ್ದಾಳೆ, ಬಟ್ಟೆ ಕೇಳಿದ್ದಾಳೆ, ಟಾರ್ಚು ಸರಿಯಾಗಿ ಹಿಡಿಯೋ ಎಂದು ಬೈದಿದ್ದಾಳೆ. ನಕ್ಕಿದ್ದು ನನಗೆ ನೆನಪಿಲ್ಲ. ಬ್ರೆಡ್ಡು ಹಿಡಿದುಕೊಂಡು ನಿಂತ ನನಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಕಿಚ್ಚು ಎನ್ನುತ್ತೀರಾ? ಎನ್ನಿ. ಬೇರೆ ಪದ ನನಗೂ ಸಿಕ್ಕಿಲ್ಲ.

ಅಂದೇ ಮನೆಗೆ ಬಂದು ನನ್ನ ಗಾಡಿಯಲ್ಲಿ ಅವಳು ಜೋಡಿಸಿದ್ದನ್ನೆಲ್ಲ ಕಿತ್ತೆ. ಸ್ಪ್ರಿಂಗ್, ವೈರು, ಬ್ರಾಕೆಟ್ಟು, ಡ್ಯಾಶ್‌ಬೋರ್ಡಿನ ಕೆಳಗಿದ್ದ ಒಂದು ಸಣ್ಣ ಡಬ್ಬಿ, ಎಲ್ಲ. ಅವಳ ಕೈ ಮುಟ್ಟಿದ್ದು ಒಂದೂ ಬೇಡ. ಬಂಗಾರದ ಕಾಲು ಇದೆಯಲ್ಲ, ಅದು ಸಾಕು! ಆಮೇಲೆ ಏನಾಯಿತೆಂದು ನೀವೆಲ್ಲ ನೋಡಿದ್ದೀರಿ. ಸೀಸನ್ನಿನ ಉದ್ದಕ್ಕೂ ಹೊಗೆ ಎಬ್ಬಿಸಿದೆ. ಎಂಜಿನ್ನನ್ನು ಬೈದೆ, ರಸ್ತೆಯನ್ನು ಬೈದೆ, ಮುಖ್ಯ ಅತಿಥಿಗಳ ಕ್ಷಮೆ ಕೋರಿ ಹೇಳುತ್ತೇನೆ, ಟೈರುಗಳನ್ನಂತೂ ಬಾಯಿಗೆ ಬಂದ ಹಾಗೆ ಬೈದೆ. ಭಾವನವರು ಒಂದೊಂದೇ ಓಟ ಗೆಲ್ಲುತ್ತಾ ಹೋದರು.

ನಾನು ಸಿಕ್ಕಸಿಕ್ಕವರಿಗೆಲ್ಲ, "ಆ ಗಾಡಿ ಕೊಟ್ರೆ ನನ್ನ ಹತ್ರ ಹೊಸದಾಗಿ ಕಲೀತಿರೋ ಅಜ್ಜೀನೂ ಗೆಲ್ತಾರೆ" ಎಂದು ಹೇಳಿಕೊಂಡು ತಿರುಗಿದೆ. ಅದು ಭಾವನವರ ಕಿವಿಗೆ ಬಿತ್ತು. ಕೊನೆಯ ಅಭ್ಯಾಸದ ದಿನ ನನ್ನ ಹತ್ತಿರ ಬಂದು ಕೀ ಮುಂದೆ ಹಿಡಿದರು. "ಭಾವ, ನೀವು ನನ್ನದನ್ನ ಓಡ್ಸಿ, ನಾನು ನಿಮ್ಮದನ್ನ ಓಡಿಸ್ತೀನಿ. ಒಂದ್ಸಲ ನೋಡೇ ಬಿಡೋಣ" ಎಂದರು. ಅದರಲ್ಲಿ ಒಂದಿಷ್ಟು ಕುಹಕವಾದರೂ ಇದ್ದಿದ್ದರೆ ಜಗಳ ಆಡಿಬಿಡುತ್ತಿದ್ದೆ. ಇರಲಿಲ್ಲ. ಆ ಮನುಷ್ಯರ ತೊಂದರೆಯೇ ಅದು.

ಹಸಿರು ಹತ್ತಿತು. ನಾನು ಎಂದಿನ ಹಾಗೆ ಒತ್ತಿದೆ. ಎಂಜಿನ್ ಕಿರುಚಿತು, ಟೈರು ನಿಂತಲ್ಲೇ ಸುತ್ತಿತು, ಗಾಜಿನ ತುಂಬ ಹೊಗೆ. ಹೊಗೆ ಸರಿದಾಗ ನನ್ನ ಗಾಡಿ, ನಾನು ವರ್ಷವಿಡೀ ಬೈದ ಗಾಡಿ, ಭಾವನವರನ್ನು ಕೂರಿಸಿಕೊಂಡು ತಣ್ಣಗೆ ಹೋಗುತ್ತಿತ್ತು. ಅದರ ಹಿಂಭಾಗವನ್ನು ಅಷ್ಟು ದೂರದಿಂದ ನಾನು ಎಂದೂ ನೋಡಿರಲಿಲ್ಲ.

ಇದನ್ನು ಹೇಳಬೇಕೆಂದುಕೊಂಡು ಬಂದಿರಲಿಲ್ಲ. ಬಾಯಿ ತಪ್ಪಿ ಬಂತು, ಇನ್ನು ಪೂರ್ತಿ ಹೇಳಿಬಿಡುತ್ತೇನೆ. ಆ ಓಟ ಮುಗಿಸಿ ಬಂದಾಗ ತಂಗಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಳು. ನನ್ನನ್ನು ನೋಡಿ, "ಡ್ಯಾಶ್‌ಬೋರ್ಡ್ ಕೆಳಗಡೆ ಒಂದು ಡಬ್ಬಿ ಇತ್ತಲ್ಲ, ಏನ್ಮಾಡ್ದೆ?" ಎಂದಳು.

"ಕಿತ್ತು ಬಿಸಾಕ್ದೆ. ಯಾವ್ದೋ ಅಲಾರಂ ಅಂದ್ಕೊಂಡೆ."

"ಅಯ್ಯೋ ಅಣ್ಣ! ನಿನ್ನ ಕಾಲು ಭಾರ ಕಣೋ. ಹಸಿರು ಕಂಡ್ರೆ ಸಾಕು, ಪೆಡಲ್ ನೆಲಕ್ಕೆ ಕುಟ್ತೀಯ. ಗಾಡಿ ಹೊರಡೋ ತನಕ ಎಂಜಿನ್ ಒಂದು ಮಟ್ಟದ ಮೇಲೆ ಏರದ ಹಾಗೆ ಅದು ತಡೀತಿತ್ತು. ನೀನು ಎಷ್ಟೇ ಒತ್ತು, ಅದು ಕೊಡ್ತಿದ್ದಿದ್ದು ನಾನು ಹೇಳ್ದಷ್ಟೇ."

"ಯಾಕೆ ಹೇಳ್ಲಿಲ್ಲ ನಂಗೆ?"

"ಹೇಳಿದ್ರೆ ನೀನು ತೆಗ್ಸಿ ಹಾಕ್ತಿದ್ದೆ."

ನಾಲ್ಕು ವರ್ಷ! ನಮ್ಮ ನಿಯಮದಲ್ಲಿ ಅಂಥ ಡಬ್ಬಿಗೆ ಅಡ್ಡಿಯಿಲ್ಲ, ಅದಲ್ಲ ವಿಷಯ. ನೀವು ಕೂಗಿ ಕುಣಿದದ್ದು ನನ್ನ ಕಾಲಿಗಲ್ಲ, ಡಬ್ಬಿಗೆ. ಅದನ್ನೂ ಹೇಗೋ ನುಂಗಿಕೊಂಡೆ. ಆಮೇಲೆ ಸುಮ್ಮನಿರಲಾರದೆ ಇನ್ನೊಂದು ಕೇಳಿದೆ. "ಭಾವನ ಗಾಡೀಲೂ ಹಾಕಿದ್ಯಾ?"

"ಅವರಿಗೆ ಬೇಡ" ಎಂದಳು.

ಅವರಿಗೆ ಬೇಡ. ಎರಡೇ ಮಾತು. ಆ ಎರಡು ಮಾತು ಇವತ್ತಿಗೂ ನನ್ನ ನಿದ್ದೆ ಕೆಡಿಸುತ್ತವೆ. ಕಪ್ ಹೋದದ್ದಕ್ಕೆ ನನಗೆ ಇಷ್ಟು ಸಂಕಟವಾಗಿರಲಿಲ್ಲ. ಒಡಹುಟ್ಟಿದವನ ಕಾಲಿನ ಮೇಲೆ ಇಲ್ಲದ ನಂಬಿಕೆ ನಿನ್ನೆ ಮೊನ್ನೆ ಬಂದವರ ಕಾಲಿನ ಮೇಲೆ ಇದೆಯಲ್ಲ ಎಂದು! ಆದರೆ ಭಾವನವರೇ, ನಾನೂ ಸುಮ್ಮನೆ ಕೂರುವವನಲ್ಲ, ಯೋಚನೆ ಮಾಡಿದೆ. ನಿಮ್ಮ ಗಾಡಿಗೆ ಅವಳು ಗಾಡಿಯ ಕೆಲಸ ಮಾಡಿದ್ದಾಳೆ, ಅಷ್ಟೇ. ನನ್ನ ಗಾಡಿಗೆ ಗಾಡಿಯ ಕೆಲಸವನ್ನೂ ಮಾಡಿ, ನನ್ನ ಕೆಲಸವನ್ನೂ ಮಾಡಿದ್ದಾಳೆ. ನಾಲ್ಕು ವರ್ಷ ನನ್ನ ಮರ್ಯಾದೆ ಕಾಪಾಡಿ, ಒಂದು ದಿನವೂ ಆಡಿ ತೋರಿಸಲಿಲ್ಲ. ನಿಮಗೆ ಅಷ್ಟು ಮಾಡಿದ್ದಾಳೆಯೇ? ಮಾಡುವ ಅಗತ್ಯ ಬಂದಿದೆಯೇ? ಈ ಒಂದರಲ್ಲಿ ನಾನೇ ಮುಂದೆ. ದಯವಿಟ್ಟು ಒಪ್ಪಿಕೊಳ್ಳಿ.

ಒಪ್ಪಿಕೊಂಡು ತಲೆಯಾಡಿಸುತ್ತಿದ್ದಾರೆ ನೋಡಿ. ಛೆ, ಈ ಮನುಷ್ಯರ ಹತ್ತಿರ ಜಗಳವಾಡುವುದು ಹೇಗೆ?

ತಂಗೀ, ಎಲ್ಲರೆದುರು ಕೇಳುತ್ತಿದ್ದೇನೆ. ಮನೆಗೆ ಬಂದು ಕೇಳೋಣವೆಂದರೆ ಇವರು ಬಾಗಿಲು ತೆಗೆದು "ಬನ್ನಿ ಭಾವ" ಎನ್ನುತ್ತಾರೆ, ನನಗೆ ಬಂದ ಕೆಲಸವೇ ಮರೆತುಹೋಗುತ್ತದೆ. ಮುಂದಿನ ಸೀಸನ್ನಿಗೆ ನನ್ನ ಗಾಡಿಯನ್ನು ನೀನು ನೋಡಿಕೊಳ್ಳಬೇಕು. ಇನ್ನೊಂದು ಡಬ್ಬಿ ಹಾಕು, ನಾನು ಮುಟ್ಟುವುದಿಲ್ಲ.

ಇಲ್ಲವೆನ್ನುತ್ತಿದ್ದೀಯಾ? ಗಾಡಿ ನೋಡುವುದಿಲ್ಲವೇ? ನೋಡುತ್ತೀಯೆ. ಡಬ್ಬಿ ಇಲ್ಲ. ಡಬ್ಬಿ ಇಲ್ಲದೆ ನಾನು ಹೇಗಮ್ಮ... ಯಾರ ಕಡೆ ಕೈ ತೋರಿಸುತ್ತಿದ್ದೀಯ? ಇವರ ಕಡೆಯೇ? ಇವರ ಹತ್ತಿರ ಕಲಿಯಬೇಕೇ? ನಾನೇ?

ಸಭಿಕರೇ, ದಯವಿಟ್ಟು ಚಪ್ಪಾಳೆ ಬೇಡ. ನಾನಿನ್ನೂ ಒಪ್ಪಿಲ್ಲ. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಡ್ರೈವಿಂಗ್ ಹೇಳಿಕೊಡುವವನು ನಾನು. ಅಧ್ಯಕ್ಷರೇ, ನೀವಾದರೂ ನಗಬೇಡಿ.

ಅವಳು ಕೈ ಇಳಿಸುತ್ತಿಲ್ಲ. ಚಿಕ್ಕಂದಿನಿಂದಲೂ ಹೀಗೆಯೇ. ಹಟ ಹಿಡಿದರೆ ಮುಗಿಯಿತು.

ಸರಿ. ಕಾರ್ಯದರ್ಶಿಗಳೇ, ನನ್ನ ಗಾಡಿಗೆ ತಂಗಿಯ ಹೆಸರು ಬರೆದುಕೊಳ್ಳಿ. ಭಾವನವರೇ, ಮೇಲೆ ಬನ್ನಿ, ನಿಮ್ಮ ಕಪ್ ತೆಗೆದುಕೊಳ್ಳಿ. ನ್ಯಾಯವಾಗಿ ಗೆದ್ದಿದ್ದೀರಿ. ಭಾನುವಾರ ಬೆಳಿಗ್ಗೆ ಬರುತ್ತೇನೆ, ಹೇಳಿಕೊಡಿ. ಒಂದೇ ಒಂದು ಬೇಡಿಕೆ. ತಪ್ಪು ಮಾಡಿದರೆ ಬೈಯಿರಿ, ಸಹಿಸಿಕೊಳ್ಳುತ್ತೇನೆ. ಎಲ್ಲಾದರೂ ಸರಿಯಾಗಿ ಮಾಡಿಬಿಟ್ಟರೆ ಮಾತ್ರ ಸುಮ್ಮನಿರಿ. ಅವಳ ಮುಂದೆ ನೀವು ನನ್ನನ್ನು ಹೊಗಳಬೇಡಿ. ಅದೊಂದು ನನ್ನಿಂದ ತಡೆಯಲಾಗದು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ, ಕೊನೆಯವರೆಗೂ ಕೈಕೊಡದ ಈ ಮೈಕಿಗೂ ನನ್ನ ವಂದನೆಗಳು. ನಮಸ್ಕಾರ.