ಬೀಗದ ಕೈ ಗೊಂಚಲಿನ ಸದ್ದು

ಒಂದು ದೊಡ್ಡ ಪಟ್ಟಣ. ಆ ಪಟ್ಟಣದಲ್ಲಿ ಒಬ್ಬ ಸಾಹುಕಾರ. ಅವನ ಹೆಸರು ಬೇಡ. ಹೇಳಿದರೆ ನೀವು ಅವನ ಮನೆ ಹುಡುಕಿಕೊಂಡು ಹೊರಡುತ್ತೀರಿ, ನಿಮ್ಮ ಮನೆ ಮರೆತುಬಿಡುತ್ತೀರಿ.

ಅವನ ಬಲಗೈಯಲ್ಲಿ ಯಾವಾಗಲೂ ಒಂದು ಬೀಗದ ಕೈ ಗೊಂಚಲು. ಅಂಗಡಿ, ಗೋದಾಮು, ತಿಜೋರಿ, ಬೀರು, ಕೊನೆಗೆ ಅಡುಗೆಮನೆಯ ಉಗ್ರಾಣದ ಬೀಗದ ಕೈಯೂ ಅವನ ಹತ್ತಿರವೇ. ಅದನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತಾ ನಡೆಯುವುದು ಅವನ ಅಭ್ಯಾಸ. ಝಣ್, ಝಣ್. ಗೇಟಿನ ಹತ್ತಿರ ಆ ಸದ್ದು ಕೇಳಿದರೆ ಸಾಕು, ಮನೆಯೊಳಗೆ ಟಿವಿ ಆರುತ್ತಿತ್ತು. ಅಡುಗೆಯವಳ ಮಾತು ನಿಲ್ಲುತ್ತಿತ್ತು. ಹೆಂಡತಿ ಎದ್ದು ನಿಲ್ಲುತ್ತಿದ್ದಳು. ಎಂಟು ವರ್ಷದ ಮಗಳು ಕೋಣೆಗೆ ಹೋಗಿಬಿಡುತ್ತಿದ್ದಳು. ಅವನು ಆ ಮೌನದ ನಡುವೆ ಬಂದು ಕುರ್ಚಿಯಲ್ಲಿ ಕೂತು, ನಮ್ಮ ಮನೆಯಲ್ಲಿ ಎಂಥ ಶಿಸ್ತು ಎಂದುಕೊಳ್ಳುತ್ತಿದ್ದ. ನೋಡಿ, ಶಿಸ್ತು ಎಂದುಕೊಳ್ಳುತ್ತಿದ್ದ.

ಹೊಡೆಯುತ್ತಿದ್ದನೇ? ಇಲ್ಲಪ್ಪ. ಅಂದರೆ, ದಿನಾ ಹೊಡೆಯುತ್ತಿರಲಿಲ್ಲ.

ಅವನಿಗೂ ಒಂದು ಕೊರಗಿತ್ತು. ಮದುವೆಯಾಗಿ ಹನ್ನೆರಡು ವರ್ಷಕ್ಕೆ, ಹೊರದ ಹರಕೆಯಿಲ್ಲ ಎನ್ನುವಷ್ಟು ಹರಕೆ ಹೊತ್ತ ಮೇಲೆ ಹುಟ್ಟಿದ ಮಗಳು ಅವಳು. ಆ ಮಗಳು ಅವನ ಹತ್ತಿರ ಬರುತ್ತಿರಲಿಲ್ಲ. ಗೊಂಬೆ ತಂದುಕೊಟ್ಟ, ಸೈಕಲ್ ತಂದುಕೊಟ್ಟ. ತೆಗೆದುಕೊಂಡು ಹೋಗುತ್ತಿದ್ದಳೇ ಹೊರತು ನಿಲ್ಲುತ್ತಿರಲಿಲ್ಲ. ನನ್ನ ಮಗಳು ಒಂದು ಸಲ ತಾನಾಗಿ ಬಂದು ನನ್ನ ಪಕ್ಕ ಕೂರಬಾರದೇ ಎಂದು ಅವನ ಜೀವ ಹಂಬಲಿಸುತ್ತಿತ್ತು. ಒಂದು ದಿನ ಸ್ಕೂಲಿನ ಟೀಚರು, "ಮಗು ತುಂಬಾ ಮೌನವಾಗಿರ್ತಾಳೆ, ಎಲ್ಲಾದ್ರೂ ಕರ್ಕೊಂಡು ಹೋಗಿ ಸಾರ್" ಎಂದರು. ಸರಿ, ಭಾನುವಾರ ಹೆಂಡತಿ ಮಗಳನ್ನು ಕರೆದುಕೊಂಡು ಮೃಗಾಲಯಕ್ಕೆ ಹೊರಟ.

ಮುಂದೆ ಇವನು, ಹತ್ತು ಹೆಜ್ಜೆ ಹಿಂದೆ ತಾಯಿ ಮಗಳು. ಜಿರಾಫೆ ನೋಡಿದರು, ಆನೆ ನೋಡಿದರು. ಅಲ್ಲೆಲ್ಲ ಸಂತೆಯ ಗದ್ದಲ. ಆಮೇಲೆ ಜನ ಕಡಿಮೆಯಿರುವ ಹಿಂಭಾಗಕ್ಕೆ ಬಂದರು. ದೊಡ್ಡ ದೊಡ್ಡ ಮರಗಳ ಕೆಳಗೆ ಹಳೆಯ ಪಂಜರಗಳ ಒಂದು ಸಾಲು. ನಡು ಮಧ್ಯಾಹ್ನವಾದರೂ ಅಲ್ಲಿ ಬಿಸಿಲು ನೆಲ ಮುಟ್ಟುತ್ತಿರಲಿಲ್ಲ.

ಮೊದಲನೆಯದು ಸಿಂಗಳೀಕಗಳ ಪಂಜರ. ದೂರದಿಂದ ಅವುಗಳ ಕಿಚಕಿಚ ಕೇಳುತ್ತಿತ್ತು. ಇವನು ಹತ್ತಿರ ಹೋದ. ಸದ್ದು ನಿಂತಿತು. ಒಂದೂ ಕಾಣಿಸಲಿಲ್ಲ. ಮುಂದೆ ಕತ್ತೆಕಿರುಬ. ಅಲ್ಲಿದ್ದ ಮುದುಕರೊಬ್ಬರು, "ಈಗ ಇಲ್ಲೇ ಇತ್ತಲ್ಲಪ್ಪ" ಎಂದು ಇಣುಕುತ್ತಿದ್ದರು. ಅದರ ಮುಂದೆ ಚಿರತೆ. ನೀರಿನ ತೊಟ್ಟಿಯಲ್ಲಿ ನೀರು ಇನ್ನೂ ಅಲುಗಾಡುತ್ತಿತ್ತು, ಈಗಷ್ಟೇ ಕುಡಿದಿದೆ. ಚಿರತೆ ಇಲ್ಲ. ಒಳಗೋಣೆಯ ಕತ್ತಲಲ್ಲಿ ಎರಡು ಕಣ್ಣು ಮಾತ್ರ ಇದ್ದವು.

ಸಾಹುಕಾರನಿಗೆ ಮೊದಲು ಹೆಮ್ಮೆಯಾಯಿತು. ನನ್ನ ಮುಂದೆ ಚಿರತೆಯೂ ನಿಲ್ಲುವುದಿಲ್ಲ ಎಂದುಕೊಂಡ. ಆದರೆ ಕರಡಿಯ ಹತ್ತಿರ ಬಂದಾಗ ಆ ಹೆಮ್ಮೆ ಇಳಿಯಿತು. ತಾಯಿ ಕರಡಿ, ಮರಿ ಕರಡಿ ಎರಡೂ ಮೂಲೆಯ ಗೋಡೆಗೆ ಬೆನ್ನು ಒತ್ತಿ ನಿಂತಿದ್ದವು. ಗುರುಗುಡಲಿಲ್ಲ. ಹಲ್ಲು ತೋರಿಸಲಿಲ್ಲ. ಸುಮ್ಮನೆ ನಿಂತಿದ್ದವು, ಉಸಿರೂ ಬಿಡದ ಹಾಗೆ. ಈ ನಿಲುವನ್ನು ತಾನು ಎಲ್ಲೋ ನೋಡಿದ್ದೇನೆ ಎಂದು ಅವನಿಗೆ ಅನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಪಕ್ಕದಲ್ಲಿ ಖಾಕಿ ಅಂಗಿಯ ಒಬ್ಬ ವಯಸ್ಸಾದ ಆಳು ಕಸ ಗುಡಿಸುತ್ತಿದ್ದ. ಆ ಸಾಲಿನ ಪ್ರಾಣಿಗಳನ್ನು ನೋಡಿಕೊಳ್ಳುವವನು.

"ಏನಯ್ಯಾ, ನಿನ್ನ ಪ್ರಾಣಿಗಳಿಗೆ ಏನಾಗಿದೆ? ನನ್ನ ಕಂಡರೆ ಅಡಗಿಕೊಳ್ತಾವಲ್ಲ."

"ನಿಮ್ಮನ್ನ ಕಂಡು ಅಲ್ಲ ಸಾಮಿ, ನಿಮ್ಮ ಕೈಲಿರೋ ಗೊಂಚಲಿನ ಸದ್ದಿಗೆ. ಅದನ್ನ ವಸಿ ಜೇಬಿಗೆ ಹಾಕ್ಕಳಿ."

ಆಳು ತನ್ನ ಸೊಂಟ ತೋರಿಸಿದ. ಅಲ್ಲೂ ಬೀಗದ ಕೈ ಗೊಂಚಲು ಇತ್ತು. ಆದರೆ ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿತ್ತು.

"ಮುಂಚೆ ಈ ಸಾಲಿಗೆ ಒಬ್ಬ ಇದ್ದ ಸಾಮಿ. ಬೀಗದ ಕೈ ಆಡಿಸ್ಕೊಂಡೇ ಬರೋನು. ಮೊದಲು ಝಣ್ ಅನ್ನೋದು, ಹಿಂದೇನೇ ಏಟು ಬೀಳೋದು. ಅವನು ಹೋಗಿ ಹದಿನಾಲ್ಕು ವರ್ಷ ಆಯ್ತು. ಅವತ್ತಿಂದ ಈ ಸಾಲಲ್ಲಿ ಯಾರೇ ಕೆಲಸ ಮಾಡಲಿ, ಬೀಗದ ಕೈಗೆ ಬಟ್ಟೆ ಸುತ್ತಲೇಬೇಕು."

"ಹದಿನಾಲ್ಕು ವರ್ಷವಾ? ಆ ಮರಿ ಇನ್ನೂ ಚಿಕ್ಕದಲ್ಲವೇನೋ?"

"ಅದಕ್ಕೆ ಎರಡು ವರ್ಷ. ಅವನ ಮುಖಾನೇ ಕಂಡಿಲ್ಲ. ಅವ್ವ ಓಡ್ತಾಳೆ, ಅದೂ ಓಡ್ತದೆ. ಯಾಕೆ ಅಂತ ಅದಕ್ಕೆ ಗೊತ್ತಿಲ್ಲ."

ಸಾಹುಕಾರ ಗೊಂಚಲನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿ, ಹಿಂದೆ ಉಳಿದಿದ್ದ ಹೆಂಡತಿ ಮಗಳನ್ನು ಹುಡುಕಿಕೊಂಡು ಸದ್ದಿಲ್ಲದೆ ನಡೆದ.

ಆಗ ಒಂದು ನಗು ಕೇಳಿಸಿತು. ಯಾರದೋ ಮಗು ಬಿದ್ದು ಬಿದ್ದು ನಗುತ್ತಿದೆ. ಮರದ ಮರೆಯಿಂದ ನೋಡುತ್ತಾನೆ, ಅವನ ಮಗಳೇ. ಸಿಂಗಳೀಕದ ಮುಂದೆ ನಿಂತು ಕೆನ್ನೆ ಉಬ್ಬಿಸಿ ಅಣಕಿಸುತ್ತಿದ್ದಾಳೆ. ಸಿಂಗಳೀಕಗಳೆಲ್ಲ ಹೊರಗೆ ಬಂದು ಸಾಲಾಗಿ ಕೂತು ಅವಳನ್ನೇ ನೋಡುತ್ತಿವೆ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಈ ನಗು ಎಂಟು ವರ್ಷದಿಂದ ಅವನ ಮನೆಯಲ್ಲೇ ಇತ್ತು. ಅವನಿಗೆ ಮಾತ್ರ ಕೇಳಿಸಿರಲಿಲ್ಲ. ಕೇಳಿಸುವುದು ಹೇಗೆ ಹೇಳಿ? ಅವನು ಬರುವ ಹೊತ್ತಿಗೆ ಅದು ಒಳಗೆ ಹೋಗಿರುತ್ತಿತ್ತಲ್ಲ.

ಸಂತೋಷ ತಡೆಯಲಾರದೆ ಒಂದು ಹೆಜ್ಜೆ ಮುಂದಿಟ್ಟ. ಒಣಗಿದ ಎಲೆ ಸದ್ದಾಯಿತು. ಮಗಳು ತಿರುಗಿದಳು.

ಬೀಗದ ಕೈ ಸದ್ದು ಮಾಡಿರಲಿಲ್ಲ, ಕೇಳಿಸಿಕೊಳ್ಳಿ. ಕೈಯಲ್ಲಿ ಏನೂ ಇರಲಿಲ್ಲ. ಆದರೂ ಮಗಳು ಅಪ್ಪನ ಮುಖ ನೋಡಲಿಲ್ಲ, ಬಲಗೈ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ. ಕಂಬಿಗೆ ಬೆನ್ನು ತಾಗಿತು. ಅವಳ ಹಿಂದೆ, ಪಂಜರದೊಳಗೆ, ಸಿಂಗಳೀಕಗಳೂ ಹಿಂದೆ ಸರಿದವು. ಅವು ಇವನನ್ನು ನೋಡುತ್ತಿರಲಿಲ್ಲ. ಮಗುವನ್ನು ನೋಡುತ್ತಿದ್ದವು. ಅವಳನ್ನು ನೋಡುತ್ತಾ ಒಂದೊಂದಾಗಿ ಕತ್ತಲೊಳಗೆ ಹೋದವು.

ಮಗಳ ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಗುರುತಿದೆ. ಬಾಗಿಲು ತಾಗಿದ್ದು ಎಂದು ಮನೆಯವರೆಲ್ಲ ಹೇಳುತ್ತಾರೆ. ಎರಡು ವರ್ಷದ ಹಿಂದೆ ಒಂದು ಸಂಜೆ ತಾನು ಆ ಗೊಂಚಲನ್ನೇ ಬೀಸಿ ಎಸೆದಿದ್ದೆ ಎಂಬುದು ಸಾಹುಕಾರನಿಗೂ ಮರೆತುಹೋಗಿತ್ತು. ಅವನಿಗೆ ಮರೆತಿತ್ತು, ಮಗಳಿಗಲ್ಲ. ಈಗ ನೆನಪಾಯಿತು.

ತತ್ತರಿಸಿ ಆಳಿನ ಹತ್ತಿರ ವಾಪಸು ಬಂದ. "ಇವು ಮತ್ತೆ ಹತ್ತಿರ ಬರ್ತಾವೇನಪ್ಪಾ?" ಎಂದು ಕೇಳಿದ. ಯಾವುದರ ಬಗ್ಗೆ ಕೇಳಿದ ಎಂದು ನಿಮಗೆ ಗೊತ್ತು.

"ಕರೆದ್ರೆ ಬರಲ್ಲ ಸಾಮಿ. ತಿಂಡಿ ತೋರಿಸಿದ್ರೆ ತಿಂಡಿಗೆ ಬರ್ತಾವೆ, ನಮಗಲ್ಲ. ನಾನು ದಿನಾ ಬಂದು ಬೆನ್ನು ತಿರುಗಿಸ್ಕೊಂಡು ಸುಮ್ನೆ ಕೂತ್ಕೊತಿದ್ದೆ. ಆ ಅವ್ವ ಕರಡಿಗೆ ಮೂರು ವರ್ಷ ಹಿಡೀತು."

ಸಾಹುಕಾರ ಹೋಗಿ ಅಲ್ಲಿದ್ದ ಕಲ್ಲುಬೆಂಚಿನ ಮೇಲೆ ಬೆನ್ನು ತಿರುಗಿಸಿ ಕೂತ. ಕರೆಯಲಿಲ್ಲ. ಗಂಟೆ ಕಳೆಯಿತು. ಸಂಜೆಯ ಹೊತ್ತಿಗೆ ಬೆಂಚಿನ ಆ ತುದಿಯಲ್ಲಿ ಯಾರೋ ಕೂತ ಹಾಗಾಯಿತು. ಪುಟ್ಟ ಚಪ್ಪಲಿ ಕಾಣಿಸಿತು. ಇಬ್ಬರ ನಡುವೆ ಇನ್ನೂ ಎರಡು ಜನ ಕೂರುವಷ್ಟು ಜಾಗ ಇತ್ತು. ಅವನ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ. ಕೈ ಎತ್ತಿದರೆ ಅವಳು ಎದ್ದು ಹೋದಾಳೆಂಬ ಭಯ.

ತಾಯಂದಿರೇ, ಅಣ್ಣತಮ್ಮಂದಿರೇ, ಯಾಕೆ ಸುಮ್ಮನಾದಿರಿ? ನಮ್ಮ ಮನೆಯಲ್ಲಿ ಬೀಗದ ಕೈ ಗೊಂಚಲಿಲ್ಲ ಎನ್ನುತ್ತೀರಾ? ಒಬ್ಬರದು ಸ್ಕೂಟರ್ ಸದ್ದು. ಒಬ್ಬರದು ಕೆಮ್ಮು. ಕೆಲವು ಅತ್ತೆಯರದು ಬಳೆಯ ಸದ್ದು, ನಗಬೇಡಿ. ಅದು ಕೇಳಿದ ಕೂಡಲೇ ಮನೆಯಲ್ಲಿ ಏನೋ ಒಂದು ನಿಂತುಹೋಗುತ್ತದೆ. ನೀವು ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದೀರಿ. ನಿಮ್ಮ ಮಕ್ಕಳನ್ನು ನೋಡಿ ನಾಳೆ ಅವರ ಮಕ್ಕಳೂ ಗೋಡೆಗೆ ಬೆನ್ನು ಒತ್ತುತ್ತಾರೆ, ಯಾಕೆಂದು ಗೊತ್ತಿಲ್ಲದೆ.

ದೇವರಿಗೆ ದೀಪ ಹಚ್ಚುತ್ತೀರಿ, ಹಚ್ಚಿ. ಅದರ ಜೊತೆ ಒಂದು ಕೆಲಸ ಮಾಡಿ. ಇವತ್ತು ಊಟಕ್ಕೆ ಕೂತಾಗ ಮಗು ಕೈತಪ್ಪಿ ನೀರು ಚೆಲ್ಲುತ್ತದೆ, ಚೆಲ್ಲೇ ಚೆಲ್ಲುತ್ತದೆ. ಆಗ ಅದು ಮೊದಲು ಲೋಟ ನೋಡುತ್ತದೋ, ನಿಮ್ಮ ಮುಖ ನೋಡುತ್ತದೋ ಗಮನಿಸಿ. ನಿಮ್ಮ ಮುಖ ನೋಡಿದರೆ, ಒಂದು ಮಾತೂ ಆಡಬೇಡಿ. ನೀವೇ ಎದ್ದು ಹೋಗಿ, ಬಟ್ಟೆ ತಂದು, ನೆಲಕ್ಕೆ ಬಗ್ಗಿ ಒರೆಸಿ. ನಾಳೆಯೂ ಒರೆಸಿ.