ಎರಡು ಆಮೆನ್‌ಗಳ ಸಭೆ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಪೂಜ್ಯ ಸಭಾಪಾಲಕರೇ, ನಮ್ಮ ಕರೆಗೆ ಓಗೊಟ್ಟು ಬಂದಿರುವ ಕಥೋಲಿಕ ಬಂಧುಗಳೇ, ಹಿಂದಿನಿಂದ ಕೋಳಿ ಸುಕ್ಕದ ಪರಿಮಳ ಬರುತ್ತಿದ್ದರೂ ಕುರ್ಚಿ ಬಿಟ್ಟು ಏಳದ ಸಹನಶೀಲ ಸಭಿಕರೇ,

ಮಸ್ಕತ್ತಿನ ನಮ್ಮ ಕನ್ನಡ ಪ್ರೊಟೆಸ್ಟಂಟ್ ವಲಯಕ್ಕೆ ಇಂದು ಇಪ್ಪತ್ತೈದು ವರ್ಷ ತುಂಬಿತು. ವಲಯದ ಇತಿಹಾಸವನ್ನು ಹೇಳುವ ಕೆಲಸವನ್ನು ವಿಲ್‌ಫ್ರೆಡ್ ಕರ್ಕಡನಾದ ನನಗೆ ಒಪ್ಪಿಸಿದ್ದಾರೆ. ಹತ್ತೇ ನಿಮಿಷ ಅಂದಿದ್ದಾರೆ. ನನ್ನ ಹೆಂಡತಿ ಡಾಲಿ ಮೊದಲ ಸಾಲಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದಾಳೆ, ಆದ್ದರಿಂದ ನೀವು ಯಾರೂ ಹೆದರಬೇಕಾಗಿಲ್ಲ.

ಇತಿಹಾಸವೆಂದರೆ ಎಲ್ಲಿಂದ ಶುರು ಮಾಡಲಿ? ನಮ್ಮ ಕರಾವಳಿಗೆ ಜರ್ಮನ್ ಮಿಶನರಿಗಳು ಬಂದು, ಹೆಂಚಿನ ಕಾರ್ಖಾನೆ ಕಟ್ಟಿ, ನಮ್ಮ ಅಜ್ಜಂದಿರಿಗೆ ನಾಲ್ಕು ಧ್ವನಿಯಲ್ಲಿ ಹಾಡುವುದನ್ನು ಕಲಿಸುವ ಹೊತ್ತಿಗೆ ಅಲ್ಲಿ ಕಥೋಲಿಕರ ಇಗರ್ಜಿಗಳಿಗೆ ಆಗಲೇ ಪಾಚಿ ಹಿಡಿದಿತ್ತು. ಊರಿನಲ್ಲಿ ಅವರು ಸಾವಿರ, ನಾವು ನೂರು. ಕಡಲು ದಾಟಿ ಇಲ್ಲಿಗೆ ಬಂದೆವು. ಇಲ್ಲಿ ಏನಾಯಿತು? ಇಲ್ಲೂ ಅವರು ಸಾವಿರ, ನಾವು ನೂರು! ಆದರೂ ಹೆಸರಿಗೆ ನಾವು ವಲಯ. ಸೊಹಾರಿನಿಂದ ಸಲಾಲಾದವರೆಗೆ, ಈ ದೇಶದ ನಕ್ಷೆಯಲ್ಲಿ ನೋಡಿದರೆ ದೊಡ್ಡ ಸಾಮ್ರಾಜ್ಯ. ಶುಕ್ರವಾರ ಬೆಳಿಗ್ಗೆ ನೋಡಿದರೆ ಇಸ್ಮಾಯಿಲ್ ಬ್ಯಾರಿಯವರ ಒಂದು ವ್ಯಾನು.

ಹೌದು, ಇಲ್ಲಿ ಶುಕ್ರವಾರವೇ ನಮ್ಮ ಭಾನುವಾರ. ಘಾಲಾದ ಕೆಲಸಗಾರರ ಕ್ಯಾಂಪಿನಿಂದಲೂ ಅಲ್ ಹೈಲ್‌ನಿಂದಲೂ ನಮ್ಮವರನ್ನು ಹತ್ತಿಸಿಕೊಂಡು ಬಂದು, "ಯಲ್ಲಾ, ಇಳೀರಿ ಮಾರಾಯ್ರೆ, ನಂಗೆ ಜುಮಾ ನಮಾಜಿಗೆ ಹೊತ್ತಾಯ್ತು" ಎಂದು ಗದರಿಸಿ ಇಳಿಸುತ್ತಿದ್ದವರು ಇಸ್ಮಾಯಿಲ್. ನಮ್ಮಲ್ಲಿ ಸಮಯಪಾಲನೆ ಎಂಬುದೇನಾದರೂ ಇದ್ದರೆ ಅದು ಅವರ ಕೊಡುಗೆ.

ನಮ್ಮ ಹೆಮ್ಮೆ ಒಂದೇ, ಹಾಡು. ಮಿಕ್ಕವರು ಹಾಡಿದರೆ ಹಾಡಿದಂತೆ, ನಾವು ಹಾಡಿದರೆ ನಾಲ್ಕು ಧ್ವನಿ. ಬಾಸ್, ಅಂದರೆ ಗಂಡಸರ ತಗ್ಗು ಧ್ವನಿ, ಇಲ್ಲದೆ ಕೀರ್ತನೆ ಹಾಡುವುದೆಂದರೆ ನನ್ನ ತಂದೆಗೆ ಉಪ್ಪಿಲ್ಲದ ಗಂಜಿ ಕುಡಿದ ಹಾಗೆ. ನಾನೂ ಅದೇ ಗಂಜಿಯಲ್ಲಿ ಬೆಳೆದವನು. ಮದುವೆಯಾದ ಮೇಲೆ ನಾನು ಡಾಲಿಗೆ ಮೊದಲು ಕಲಿಸಿದ್ದೂ ಆಲ್ಟೊ ಧ್ವನಿಯನ್ನೇ. ಅವಳು ಶಿರ್ವದ ಕಥೋಲಿಕ ಮನೆಯ ಹುಡುಗಿ. ಮದುವೆಯ ದಿನದಿಂದ ನಮ್ಮ ಕಡೆಯವಳಾದಳು. ಆ ವಿಷಯ ಅಲ್ಲಿಗೆ ಮುಗಿಯಿತು. ಸಂಜೆ ನಾನು ವಾರ್ತೆ ನೋಡುವಾಗ ಅಡುಗೆಮನೆಯಲ್ಲಿ ಕುಕ್ಕರ್ ಮುಂದೆ ಅವಳ ತುಟಿ ಅಲ್ಲಾಡುತ್ತಿರುತ್ತದೆ. ಸೀಟಿ ಎಣಿಸುತ್ತಿದ್ದಾಳೆ ಎಂದುಕೊಂಡಿದ್ದೆ. ಇರಲಿ, ವಿಷಯಕ್ಕೆ ಬರುತ್ತೇನೆ.

ಎರಡು ವರ್ಷದ ಹಿಂದೆ ಎಣ್ಣೆಯ ಬೆಲೆ ಬಿತ್ತು. ನಿಮಗೆಲ್ಲ ಗೊತ್ತಿರುವುದೇ. ಒಂದೊಂದೇ ಆಫೀಸಿನಲ್ಲಿ ಖಲಾಸ್, ಖಲಾಸ್. ಪ್ರತಿ ಶುಕ್ರವಾರ ಒಂದು ವಿದಾಯ ಪ್ರಾರ್ಥನೆ. ಮೊದಲು ಟೆನರ್ ಹಾಡುವವನು ಹೋದ, ಅವನ ಹಿಂದೆಯೇ ಬಾಸ್‌ನವರೆಲ್ಲ ವಿಮಾನ ಹತ್ತಿದರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ, ಆದರೆ ಹೋಗುವವರು ಸ್ವಲ್ಪ ಧ್ವನಿ ನೋಡಿಕೊಂಡು ಹೋಗಬಾರದಿತ್ತೇ?

ಈ ಸಭಾಂಗಣ ನಮ್ಮದೊಂದೇ ಅಲ್ಲ. ಹತ್ತಾರು ಭಾಷೆಯವರು ಹಂಚಿಕೊಂಡದ್ದು. ಶುಕ್ರವಾರ ಬೆಳಗಿನ ನಮ್ಮ ಹೊತ್ತಿಗಾಗಿ ಹೊರಗೆ ದೊಡ್ಡ ಸಭೆಗಳು ಕಾಯುತ್ತಿದ್ದವು. ಸಭಾಂಗಣದ ಸಮಿತಿಯವರು ನ್ಯಾಯವಾಗಿಯೇ ಕೇಳಿದರು: ನಿಮಗೆ ಜನವೇ ಇಲ್ಲವಲ್ಲ, ಇಂಗ್ಲಿಷ್ ಆರಾಧನೆಗೆ ಸೇರಿಕೊಳ್ಳಬಾರದೇ? ಕ್ರಿಸ್ಮಸ್ಸಿನ ಹಿಂದಿನ ಶುಕ್ರವಾರ ಸ್ಕಾಟ್ಲೆಂಡಿನ ಹಿರಿಯ ಪಾದ್ರಿಯೊಬ್ಬರು ನೋಡಲು ಬರುತ್ತಾರೆ, ಆಮೇಲೆ ತೀರ್ಮಾನ ಎಂದರು. ಆ ವಾರ ನನಗೆ ಊಟ ಸೇರಲಿಲ್ಲ. ಇಂಗ್ಲಿಷಿನಲ್ಲಿ ಪ್ರಾರ್ಥನೆ ಮಾಡಬಹುದು ಸ್ವಾಮೀ, ಆದರೆ ಇಂಗ್ಲಿಷಿನಲ್ಲಿ ಅಳುವುದು ಹೇಗೆ?

ಡಾಲಿಗೆ ಮಾತ್ರ ಚಿಂತೆಯೇ ಇದ್ದಂತಿರಲಿಲ್ಲ. ದಾರ್ಸೈಟಿನಲ್ಲಿ ಅವಳ ಊರಿನ ರೊನಾಲ್ಡ್ ಕ್ವಾಡ್ರಸ್ ಅವರ ಮನೆಗೆ ಕ್ರಿಸ್ಮಸ್ ತಿಂಡಿ ಮಾಡಲಿಕ್ಕುಂಟು ಎಂದು ವಾರವೆಲ್ಲ ಹೋದಳು. ಮನೆಗೆ ಒಂದು ನೆವ್ರಿಯೂ ಬರಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು!

ಆ ಶುಕ್ರವಾರ ಬಂತು. ಸ್ಕಾಟ್ಲೆಂಡಿನ ಪಾದ್ರಿಗಳು ಹಿಂದೆ ಕೂತರು. ಖಾಲಿ ಬೆಂಚುಗಳನ್ನು ನೋಡಲಾರದೆ ನಾನು ಬಾಗಿಲು ನೋಡುತ್ತಿದ್ದೆ. ಇಸ್ಮಾಯಿಲ್ ಬ್ಯಾರಿಯವರು ಬೆವರು ಒರೆಸುತ್ತಾ ಇಣುಕಿದರು. "ಕರ್ಕಡರೇ, ಇವತ್ತು ಎರಡನೇ ಟ್ರಿಪ್ಪುಂಟು, ಡಾಲಿ ಬಾಯಿ ಹೇಳಿದ್ದು." ಎರಡನೇ ಟ್ರಿಪ್ಪಿನಲ್ಲಿ ಇಳಿದವರು ಯಾರು? ರೊನಾಲ್ಡ್, ರೊನಾಲ್ಡನ ಹಿಂದೆ ಅವರ ಇಗರ್ಜಿಯ ಗಾಯಕರ ತಂಡ ಪೂರ್ತಿ! ನಾವು ಕೀರ್ತನೆ ಎತ್ತಿದೆವು. ಎಷ್ಟೋ ತಿಂಗಳ ಮೇಲೆ ಕೆಳಗಿನಿಂದ ಬಾಸ್ ಬಂತು ನೋಡಿ, ಬೆಂಚಿನ ಮರ ನಡುಗಿತು. ನನ್ನ ಕನ್ನಡಕ ಮಂಜಾಯಿತು.

ಆಮೇಲೆ ಕರ್ತನ ಪ್ರಾರ್ಥನೆ. ಬಲ್ಲವರು ಆಗಲೇ ನಗುತ್ತಿದ್ದೀರಿ. ನಮ್ಮ ಪ್ರಾರ್ಥನೆಗೆ ಕೊನೆಯಲ್ಲಿ ದೇವರನ್ನು ಕೊಂಡಾಡುವ ಒಂದು ಸಾಲು ಉಂಟು. ಕಥೋಲಿಕರು ಮನೆಯಲ್ಲಿ ಹೇಳುವಾಗ ಅದಕ್ಕೆ ಮೊದಲೇ ಮುಗಿಸುತ್ತಾರೆ. ವಾರವೆಲ್ಲ ಹಾಡು ಕಲಿಸಿದ ಡಾಲಿ ಇದನ್ನು ಹೇಳಲು ಮರೆತಿದ್ದಳು. ಅರ್ಧ ಸಭಾಂಗಣ ಒಂದೇ ಗಂಟಲಿನಲ್ಲಿ "ಆಮೆನ್!" ಎಂದು ಕೂತೇ ಬಿಟ್ಟಿತು. ಉಳಿದರ್ಧ ನಿಂತುಕೊಂಡು ಮುಂದುವರಿಯಿತು. ಸ್ಕಾಟ್ಲೆಂಡಿನ ಪಾದ್ರಿಗಳಿಗೆ ಕನ್ನಡದಲ್ಲಿ ತಿಳಿಯುವ ಪದ ಅದೊಂದೇ, ಅದನ್ನೂ ನಾವು ಎರಡು ಸಲ ಹೇಳಿದೆವು!

ಇನ್ನೊಂದು ಮಾತು. ಮೊದಲ ಆಮೆನ್‌ನಲ್ಲಿ ಡಾಲಿಯ ಧ್ವನಿಯೂ ಇತ್ತು. ಎರಡನೆಯದರಲ್ಲೂ ಇತ್ತು. ಆಮೇಲೆ ಕೇಳಿದೆ. "ಎಂತ ಮಾಡುದು? ಅವ್ರು ಮಾತ್ರ ನಾಚಿಕೆ ಪಡ್ಬಾರ್ದಲ್ಲ" ಎಂದಳು.

ಬಾಗಿಲಲ್ಲಿ ಪಾದ್ರಿಗಳು ನನ್ನ ಕೈ ಹಿಡಿದರು. ನಾನು ಏನು ಹೇಳಲಿ? ಅರ್ಧ ಜನ ನಮ್ಮವರಲ್ಲ ಎಂದು ಹೇಳಿಬಿಟ್ಟೆ. "ಗೊತ್ತಾಯಿತು" ಎಂದು ನಕ್ಕರು. "ತಮ್ಮ ಆರಾಧನೆ ಮುಗಿಸಿ, ಪಕ್ಕದವರ ಹಾಡು ನಿಲ್ಲಬಾರದೆಂದು ಬರುವವರು ಬೇರೆ ಯಾವ ಸಭೆಗಿದ್ದಾರೆ? ಈ ಹೊತ್ತು ನಿಮಗೇ ಇರಲಿ" ಎಂದರು. ಆದ್ದರಿಂದಲೇ, ಸಭಿಕರೇ, ಇವತ್ತು ನಾವು ಬೆಳ್ಳಿಹಬ್ಬ ಮಾಡುತ್ತಿದ್ದೇವೆ.

ಕಳೆದ ವಾರ ರೊನಾಲ್ಡನ ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ. ಇಷ್ಟು ವರ್ಷ ಡಾಲಿಯನ್ನು ಬಿಟ್ಟು ನಾನು ಕೆಳಗೆ ಕಾರಿನಲ್ಲೇ ಕೂರುತ್ತಿದ್ದೆ. ಕಾರಿನ ಏಸಿ ಚೆನ್ನಾಗಿದೆ, ಅದಕ್ಕೇ, ಬೇರೇನಿಲ್ಲ. ಈ ಸಲ ಮೇಲೆ ಹೋದೆ. ನಡುವೆ ಕರ್ತನ ಪ್ರಾರ್ಥನೆ ಬಂತು. ಅವರು ಕೊಂಕಣಿಯಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಗುಣುಗುಣಿಸಿದೆ. ಡಾಲಿಯ ತುಟಿ ಅಲ್ಲಾಡುತ್ತಿತ್ತು. ಅಡುಗೆಮನೆಯಲ್ಲಿ ಅಲ್ಲಾಡುವ ಹಾಗೆಯೇ. ಸೀಟಿ ಎಣಿಸಲು ಅಲ್ಲಿ ಕುಕ್ಕರ್ ಇರಲಿಲ್ಲ. ನಾನು ಅದನ್ನೇ ನೋಡುತ್ತಾ ಇದ್ದೆ, ಅಷ್ಟರಲ್ಲಿ ಅವರೆಲ್ಲ ಆಮೆನ್ ಎಂದರು. ನನ್ನ ಬಾಯಿ ನಿಲ್ಲಲಿಲ್ಲ. ನಿಶ್ಶಬ್ದವಾದ ಮನೆಯಲ್ಲಿ ನಾನೊಬ್ಬನೇ ಆ ಕೊನೆಯ ಸಾಲು ಹೇಳುತ್ತಾ ಸಿಕ್ಕಿಬಿದ್ದೆ! ಆಗ ಮೂಲೆಯಿಂದ ರೊನಾಲ್ಡನ ಬಾಸ್ ಕನ್ನಡದಲ್ಲೇ ಕೂಡಿಕೊಂಡಿತು. ಪಕ್ಕದಿಂದ ನಾನೇ ಕಲಿಸಿದ ಆಲ್ಟೊ.

ಕಾರಿನಲ್ಲಿ ಡಾಲಿ ಹೇಳಿದಳು, "ನೀವು ಅಲ್ಲಿ ಒಮ್ಮೆ ತಪ್ಪುದನ್ನು ಕೇಳ್ಳಿಕ್ಕೆ ಮದುವೆ ಆದಂದಿನಿಂದ ಕಾದಿದ್ದೆ ಮಾರಾಯ್ರೆ."

ನೋಡಿ, ಅವಳು ಗಡಿಯಾರ ತೋರಿಸುತ್ತಿದ್ದಾಳೆ. ಊಟಕ್ಕೆ ಮೊದಲು ಎಲ್ಲರೂ ಎದ್ದು ಪ್ರಾರ್ಥನೆ ಮಾಡೋಣ. ಒಂದೇ ಕೋರಿಕೆ: ಮೊದಲ ಆಮೆನ್ ಆದ ಮೇಲೆ ನಮ್ಮವರು ಒಂದು ಉಸಿರು ನಿಲ್ಲಿ, ಅವರನ್ನು ಕರೆದುಕೊಂಡೇ ಮುಂದೆ ಹೋಗೋಣ. ಮೊದಲ ಆಮೆನ್ ನಾನೂ ಹೇಳುತ್ತೇನೆ.

ಹಾಡಿದವರಿಗೂ, ವ್ಯಾನು ಓಡಿಸಿದವರಿಗೂ, ನನ್ನ ಮಾತು ಸಹಿಸಿದ ನಿಮಗೆಲ್ಲರಿಗೂ ಕೃತಜ್ಞತೆ. ನಮಸ್ಕಾರ.