ಥಾರ್ನ್‌ಸ್ಕೇಲ್‌ರ ಕೌದಿ

ಕಾರ್ತಿಕದ ಚಳಿ ಕಚ್ಚುತ್ತಿದ್ದ ಒಂದು ಬುಧವಾರ ಬೆಳಿಗ್ಗೆ, ಶಿಕಾಗೋ ಸ್ಟೇಷನ್ನಿನಲ್ಲಿ ಮಗಳಿಗಾಗಿ ಕಾಯುತ್ತಿದ್ದ ಗುರುಬಸವ್ವನ ಕಿವಿಗೆ ಪಕ್ಕದ ಬೆಂಚಿನಿಂದ ಧಾರವಾಡದ ಮಾತು ಬಿತ್ತು. ಅಕ್ಕತಂಗಿಯರು. ತಂಗಿ ಡೆಟ್ರಾಯಿಟ್ ರೈಲಿಗೆ ಹೊರಟಿದ್ದಳು. ಅಕ್ಕನ ತೊಡೆಯ ಮೇಲೆ ಒಂದು ಬಟ್ಟೆಯ ಚೀಲವಿತ್ತು.

“ಲಗ್ನ ಆಗಿ ಹೊಸಮನಿ ಅನ್ನೂ ಹೆಸರು ಬಿಟ್ಟು ಥಾರ್ನ್‌ಸ್ಕೇಲ್ ಆದಿ,” ಅಕ್ಕ ಕೆಣಕಿದಳು. “ಏನ್ ಹೆಸರವಾ ಅದು, ನಾಲಿಗಿ ಹೊಳ್ಳವಲ್ದು.”

“ಅದು ಇಂಗ್ಲೆಂಡಿನಾಗಿನ ಒಂದು ಹಳ್ಳಿ ಅಕ್ಕಾ. ನಮ್ಮ ಕಡೆ ಊರಿನ ಹೆಸರ ಅಡ್ಡಹೆಸರು ಆಗ್ತೈತಲ್ಲ, ಹಂಗ. ಈಗ ಆ ಹಳ್ಳಿನೂ ಇಲ್ಲ.”

“ಮತ್ತ ಈ ಮಂದಿ?”

“ಇಂಗ್ಲೆಂಡಿನಾಗ ಆ ಹೆಸರಿನವರು ಈಗ ನಾಕೈದು ಮನಿ ಅದಾರ. ಉಳದವರೆಲ್ಲ ಡೆಟ್ರಾಯಿಟ್ ಸುತ್ತಮುತ್ತ. ಒಬ್ಬ ಕಮ್ಮಾರ ಕಾರ್ ಫ್ಯಾಕ್ಟರಿಗೆ ಬಂದು ತಮ್ಮಂದಿರನ್ನೂ ಕರಸ್ಕೊಂಡಿದ್ನಂತ. ಆ ಹೆಸರಿನವರು ಎಲ್ಲೇ ಸಿಗಲಿ, ಬಳಗನ.”

“ಹೊಸಮನಿಯವರು ಊರಿಗೆ ನೂರು ಮಂದಿ. ನಾವ್ಯಾಕ ಬಳಗ ಆಗ್ತೀವಿ ಬಿಡು.”

ತಂಗಿ ನಕ್ಕಳು. “ನೋಡು, ಹೊಟ್ಟಿ ಉರಕೊಂಡಿ! ಹೊಸ ಸೊಸಿ ಬಂದ್ರ ಆಕಿ ತವರಿನ ಅರಿವಿ ತುಂಡು ತಮ್ಮ ಕೌದಿಗೆ ಹಚ್ಚತಾರ. ಅವ್ವನ ಇಲಕಲ್ ಸೀರಿ ತಂದಿಯೇನು?”

“ಆ ತುಂಡಿನ ಮ್ಯಾಲ ಏನಂತ ಹೊಲಿತಾರ?”

“ನೀಲಾ ಥಾರ್ನ್‌ಸ್ಕೇಲ್ ಅಂತ.”

ಅಕ್ಕ ಚೀಲವನ್ನು ಎದೆಗೆ ಅವಚಿಕೊಂಡಳು. “ಮರತ ಬಂದೆ.”

“ಇರ್ಲಿ ಬಿಡಕ್ಕಾ. ನನ್ನ ಓಢಣಿನ ಕೊಡತೀನಿ.”

ರೈಲಿನ ಕರೆ ಬಂತು. ಆ ಬುಧವಾರ ತಂಗಿ ಅಕ್ಕನ ಕಾಲು ಮುಟ್ಟಿ, ಸೀರೆಯಿಲ್ಲದೆ ಡೆಟ್ರಾಯಿಟಿಗೆ ಹೋದಳು. ಅಕ್ಕ ಏಳುವಾಗ ಚೀಲದ ಬಾಯಿಯಿಂದ ಇಲಕಲ್ ಸೀರೆಯ ಕೆಂಪು ಸೆರಗು ಇಣುಕಿದ್ದನ್ನು ಗುರುಬಸವ್ವ ಕಂಡಳು. ಅಕ್ಕ ಅದನ್ನು ಒಳಕ್ಕೆ ತುರುಕಿ, ರೈಲಿಗೆ ಬೆನ್ನು ಮಾಡಿ ನಡೆದಳು.